ಗುಂಡು ಪಿನ್ನಿನ ಕೀಬೋರ್ಡು

ಓಬಳೇಶಪ್ಪನವರು ಯಾವ ಯಂತ್ರವನ್ನೂ ಬಿಚ್ಚುವ ಮುನ್ನ ಅದರ ವೈರು ಕಿತ್ತು, ಸ್ವಿಚ್ಚಿನ ಮೇಲೆ ಹೆಬ್ಬೆರಳು ಒತ್ತಿಟ್ಟು, ತೆಲುಗಿನಲ್ಲಿ ನೂರರವರೆಗೆ ಎಣಿಸುತ್ತಿದ್ದರು. "ಒಕಟಿ, ರೆಂಡು, ಮೂಡು..." ಒಳಗೆ ಉಳಿದ ಕರೆಂಟೆಲ್ಲ ಇಳಿದುಹೋಗಲಿ ಎಂದು. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು. ಹಾಗಾಗಿ ಅವರು ಬಂದರೆಂದರೆ ನಮ್ಮ ಪ್ರೌಢಶಾಲೆಯ ಆಫೀಸಿನಲ್ಲಿ ಹೆಡ್ಮಾಸ್ಟರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು.

ಪಾವಗಡದಲ್ಲಿ ಅವರದೊಂದು ಪುಟ್ಟ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟೀವಿ, ಕೊನೆಗೆ ಕಂಪ್ಯೂಟರ್. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಧೂಳು ತೆಗೆಯಲಿಕ್ಕೆ. ನಾನು ಕೊಟ್ಟ ಟೀ ಪೂರ್ತಿ ಆರಿ, ಮೇಲೆ ಕೆನೆ ಕಟ್ಟಿದ ಮೇಲೆಯೇ ಕುಡಿಯುವರು. ಒಮ್ಮೆ ಮೌಸು ಓಡುತ್ತಿಲ್ಲವೆಂದು ಕರೆಸಿದೆವು. ಮೇಜಿನ ಗಾಜಿನ ಮೇಲೆ ಅದನ್ನು ಉಜ್ಜುತ್ತ ಕೂತಿದ್ದ ಹೆಡ್ಮಾಸ್ಟರ ಮುಂದೆ ಹಾಜರಿ ಪುಸ್ತಕ ಇಟ್ಟು, "ಇದ್ರ ಮ್ಯಾಲೆ ಓಡ್ಸಿ ಸಾರ್, ಗಾಜಂದ್ರೆ ಅದ್ಕೆ ಕಣ್ಣು ಕಾಣಕಿಲ್ಲ" ಎಂದವರೇ ಮೊಪೆಡ್ ಹತ್ತಿಬಿಟ್ಟಿದ್ದರು.

ನನ್ನನ್ನು 'ಕ್ಲಾರ್ಕಮ್ಮ' ಎನ್ನುತ್ತಿದ್ದರು. "ಡಾಕ್ಟ್ರಿಗೆ ಸುಳ್ಳೇಳಿದ್ರೂ ನಾಡಿ ಹಿಡಿದು ಕಂಡ್ಕಂತಾನೆ. ಇದ್ಕೆ ನಾಡಿ ಇಲ್ಲ ಕಣಮ್ಮ. ಏನ್ ಮಾಡ್ದೆ ಅಂತ ನೀನೇ ಹೇಳ್ಬೇಕು." ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ.

ನಮ್ಮ ಆಫೀಸಿನಲ್ಲಿದ್ದುದು ಒಂದೇ ಪ್ಲಗ್ಗು, ಅದು ಕಂಪ್ಯೂಟರಿಗೆ. ಹಾಗಾಗಿ ಎಲ್ಲರ ಮೊಬೈಲುಗಳೂ ಚಾರ್ಜಿಗೆಂದು ಕಂಪ್ಯೂಟರಿನ ಬೆನ್ನಿನ ಯುಎಸ್‌ಬಿ ತೂತುಗಳಿಗೇ ಜೋತುಬೀಳುತ್ತಿದ್ದವು, ಮೇಕೆಯ ಕೆಚ್ಚಲಿಗೆ ಬಿದ್ದ ಮರಿಗಳ ಹಾಗೆ. ಹೆಡ್ಮಾಸ್ಟರು ಬೇಡವೆಂದು ಎರಡು ಸಲ ಗದರಿದ್ದರು. ಆದರೂ ಆವತ್ತು ಬೆಳಿಗ್ಗೆ ಅಡುಗೆಯ ಗಂಗಮ್ಮನ ಫೋನನ್ನು, ಅದರ ಹರಿದ ವೈರಿನ ಸಮೇತ, ನಾನೇ ಸಿಗಿಸಿದ್ದೆ. ಚಟ್ ಎಂದಿತು. ಕೀಬೋರ್ಡಿನ ದೀಪ ಆರಿತು, ಮೌಸಿನ ಕೆಂಪೂ ಆರಿತು. ಪರದೆ ಮಾತ್ರ ಬೆಳಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ, 'ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಕೀ ಒತ್ತಿ' ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಇಲ್ಲದ ಕೀಬೋರ್ಡಿನ ಯಾವ ಕೀ ಒತ್ತಲಿ?

ಮಧ್ಯಾಹ್ನ ಕ್ಯಾತಗಾನಚೆರ್ಲಿನ ಅಂಜಿನಮ್ಮ, ಹತ್ತನೇ ಕ್ಲಾಸು ಮುಗಿಸಿದ್ದ ಮಗಳು ಭವ್ಯಳೊಂದಿಗೆ ಬಂದಳು. ಊಟ, ವಸತಿ ಎಲ್ಲ ಕೊಟ್ಟು ಓದಿಸುವ ಪಿಯು ಕಾಲೇಜಿನ ಅರ್ಜಿಗೆ ಆವತ್ತು ಸಂಜೆ ಐದು ಗಂಟೆಯೇ ಕಡೆ. ಆದಾಯ ಪ್ರಮಾಣಪತ್ರ ಅವರ ಕೈಗೆ ಬಂದದ್ದೇ ಅದೇ ಬೆಳಿಗ್ಗೆ. ಅರ್ಜಿ ಶಾಲೆಯ ಕಡೆಯಿಂದಲೇ ಹೋಗಬೇಕು, ಮೊಬೈಲಿನಲ್ಲಿ ಆ ಪುಟ ತೆರೆಯುವುದಿಲ್ಲ.

ಮೂರು ಗಂಟೆಗೆ ಓಬಳೇಶಪ್ಪನವರಿಗೆ ಫೋನು ಮಾಡಿ, ಕೀಬೋರ್ಡು, ಮೌಸು ಎರಡೂ ನಿಂತಿವೆ ಎಂದೆ. "ಹೆಂಗಾಯ್ತು ಹೇಳು, ತಕ್ಕಂಗೆ ಸಾಮಾನು ತರ್ತೀನಿ" ಎಂದರು. ಹೆಡ್ಮಾಸ್ಟರು ಎದುರಿಗೇ ಕೂತಿದ್ದರು.

"ಏನೂ ಮಾಡಿಲ್ಲ, ತಾನಾಗೇ ನಿಂತೋಯ್ತು" ಎಂದೆ.

ಮೊಪೆಡ್ಡಿನಲ್ಲಿ ಅರ್ಧ ಗಂಟೆಯ ದಾರಿ ಸವೆಸಿ ಬಂದರು, ನೂರು ಎಣಿಸಿದರು. ತಂದಿದ್ದ ಹೊಸ ಕೀಬೋರ್ಡು, ಹೊಸ ಮೌಸುಗಳನ್ನು ಹಿಂದೆ ಮುಂದೆ ಎಲ್ಲ ತೂತಿಗೂ ಸಿಗಿಸಿದರು. ಒಂದೂ ಉಸಿರಾಡಲಿಲ್ಲ. ಅಷ್ಟರಲ್ಲಿ ಗಂಗಮ್ಮ ಬಾಗಿಲಿಗೆ ಬಂದು, "ಮೇಡಂ, ನನ್ ಫೋನ್ ಕೊಡಿ. ಬೆಳಗ್ಗೆ ಈ ಕಂಪ್ಯೂಟರ್ಗೆ ಸಿಗ್ಸಿ ಚಟ್ ಅಂದ್ಮೇಲೆ ಅದು ಆನೇ ಆಗಿಲ್ಲ ಅಂದ್ರಲ್ಲ" ಎಂದಳು. ಪುಣ್ಯಕ್ಕೆ ಹೆಡ್ಮಾಸ್ಟರು ತರಗತಿಗೆ ಹೋಗಿದ್ದರು, ಅಂಜಿನಮ್ಮ, ಭವ್ಯ ಹೊರಗೆ ಮರದ ನೆರಳಲ್ಲಿ ಕೂತಿದ್ದರು.

ಓಬಳೇಶಪ್ಪನವರು ನನ್ನ ಮುಖವನ್ನೊಮ್ಮೆ ನೋಡಿದರು. "ಈ ತೂತೆಲ್ಲ ಒಟ್ಟಿಗೇ ಸತ್ತವೆ ಕ್ಲಾರ್ಕಮ್ಮ. ಹಿಂದ್ಗಡೆ ಹಳೇ ಕಾಲದ್ದು ಗುಂಡು ತೂತು ಒಂದದೆ. ಅದ್ಕೆ ಗುಂಡು ಪಿನ್ನಿನ ಕೀಬೋರ್ಡೇ ಬೇಕು. ಅಂಗಡೀಲೈತೆ" ಎಂದು ಎದ್ದರು. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷವಿದೆ ಎನ್ನುತ್ತಿತ್ತು.

ತಿರುಗಿ ಬಂದಾಗ ಐದಕ್ಕೆ ಎಂಟು ನಿಮಿಷ. ಹಳದಿ ಬಣ್ಣಕ್ಕೆ ತಿರುಗಿದ ಕೀಬೋರ್ಡನ್ನು ಸಿಗಿಸಿ ಆನ್ ಮಾಡಿದರು. ಅದರ ಹಸಿರು ದೀಪ ಹತ್ತಿತು. ಮೌಸಿಲ್ಲ, ಟ್ಯಾಬ್ ಕೀ ಒತ್ತೊತ್ತಿ ಒಂದೊಂದೇ ಖಾನೆ ದಾಟಬೇಕು. ಭವ್ಯ ಓದುತ್ತಿದ್ದಳು, ಅವರು ಎರಡೇ ಬೆರಳಿನಲ್ಲಿ ಒತ್ತುತ್ತಿದ್ದರು. ತಂದೆಯ ಹೆಸರು ಮುಗಿಯಿತು, ಊರು ಮುಗಿಯಿತು, ಆದಾಯಪತ್ರದ ನಂಬರಿನ ಅರ್ಧದಲ್ಲಿ ಪುಟವೇ ಮಾಯವಾಯಿತು. 'ಅರ್ಜಿಯ ಅವಧಿ ಮುಗಿದಿದೆ.'

ಭವ್ಯ ಕಾಗದಗಳನ್ನು ಜೋಡಿಸಿ ಫೈಲಿಗೆ ಹಾಕಿಕೊಂಡಳು. ಅಂಜಿನಮ್ಮ ಸಿಡಿದಳು. "ಏನಯ್ಯಾ ನೀನು! ಒಂದ್ ಕೀಬೋರ್ಡ್ ತರಕ್ಕೆ ಎರಡ್ ಸಲ ಓಡಾಡ್ತಾರಾ? ನನ್ ಮಗಳ ಓದಿಗೆ ಮಣ್ಣಾಕ್ಬುಟ್ಟಲ್ಲ! ಮೆಕ್ಯಾನಿಕ್ಕಂತೆ ಮೆಕ್ಯಾನಿಕ್ಕು!"

"ತಪ್ಪಾಯ್ತು ಕಣಮ್ಮ. ಮೊದ್ಲೇ ತರ್ಬೇಕಾಗಿತ್ತು ನಾನು" ಎಂದರು ಓಬಳೇಶಪ್ಪ.

ನಾನು ಬೀರುವಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಅವರು ಮೊಪೆಡ್ ಹತ್ತುವಾಗ ಹಿಂದೆಯೇ ಓಡಿದೆ.

"ಪೋನೀಲೇ ಅಮ್ಮಾ, ಹೋಗ್ಲಿ ಬುಡು" ಎಂದರು. "ನೀನು ದಿನಾ ಈ ಮಕ್ಕಳ ಮಕ ನೋಡ್ಬೇಕು. ನಾನು ಯಾವಾಗ್ಲೋ ಬಂದೋಗೋನು."

ಮತ್ತೆ ಬರಲಿಲ್ಲ. ಎರಡು ತಿಂಗಳಿಗೆ, ನಿದ್ದೆಯಲ್ಲೇ ಹೋದರೆಂದು ಸುದ್ದಿ ಬಂತು. ಹನ್ನೊಂದನೆಯ ದಿನ ಅವರ ಮನೆಗೆ ಹೋದರೆ ಬಾಗಿಲಲ್ಲೇ ಅಂಜಿನಮ್ಮ ಸಿಕ್ಕಳು. "ಭವ್ಯ ಇಲ್ಲೇ ಕಾಲೇಜಿಗೆ ಬಸ್ಸಲ್ಲಿ ಬಂದೋಗ್ತಾಳೆ ಮೇಡಂ. ಆವತ್ತು ಈಯಪ್ಪನ್ನ ಬಾಯಿಗ್ಬಂದಂಗೆ ಬೈದ್ಬುಟ್ಟಿದ್ದೆ. ಮನ್ಸು ತಡೀಲಿಲ್ಲ, ಬಂದ್ಬುಟ್ಟೆ."

ಅಲ್ಲೇ ನಿಂತು ಎಲ್ಲ ಹೇಳಿದೆ. ಗಂಗಮ್ಮನ ಫೋನು, ಹರಿದ ವೈರು, ನನ್ನ ಸುಳ್ಳು.

ಅವಳು ಒಳಗೆ ಹಾರ ಹಾಕಿದ್ದ ಅವರ ಫೋಟೋದ ಕಡೆ ತಿರುಗಿದಳು. "ಆವತ್ತೇ ಒಂದ್ ಮಾತು ಅಂದಿದ್ರೆ, ಆ ಬೈಗುಳ ಈಯಪ್ಪಂಗೆ ತಪ್ತಿತ್ತಲ್ಲ ಮೇಡಂ" ಎಂದಳು. ನನ್ನನ್ನು ಬೈಯಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.