ನೀರು ಸರಿದಾಗ ಕಂಡ ಹೊಸ್ತಿಲು

ಕಾರಂಜಾ ಜಲಾಶಯ ತಳ ಕಂಡ ಬರಗಾಲದ ಬೇಸಿಗೆ ಅದು. ಭಾಲ್ಕಿ ಬಸ್ ನಿಲ್ದಾಣದ ತುಂಬ ಪುಣೆ, ಹೈದರಾಬಾದಿಗೆ ಕೆಲಸ ಹುಡುಕಿ ಹೊರಟವರ ಗಂಟುಮೂಟೆಗಳು. ನಾನು ಔರಾದದಲ್ಲಿ ನರ್ಸ್ ಆಗಿದ್ದೆ. ಜಲಾಶಯದಲ್ಲಿ ಮುಳುಗಿದ್ದ ನಮ್ಮ ಊರಿನ ಗೋಡೆಗಳು ಮೇಲೆದ್ದಿವೆ ಎಂಬ ಸುದ್ದಿ ಕೇಳಿ ಮೆಲ್ಬರ್ನ್‌ನಲ್ಲಿದ್ದ ಅಣ್ಣ ಮಿಲಿಂದ ನನ್ನ ಬೆನ್ನು ಹತ್ತಿದ. ಹೋಗಿ ಮನೆ ತೋರಿಸು ಎಂದು ದಿನಕ್ಕೆರಡು ಸಲ ಫೋನ್.

ಊರು ಬಿಡುವಾಗ ಅವನಿಗೆ ಹತ್ತು ವರ್ಷ, ನಾನು ಅವ್ವನ ಕಂಕುಳಲ್ಲಿದ್ದೆ. ಬೀದರಿನಲ್ಲಿ ಇಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ಕೆಲಸ ಹಿಡಿದು ಪರದೇಶಕ್ಕೆ ಹೋದವನು ಅಲ್ಲಿಯೂ ಭಾನುವಾರ ತಾನೇ ಜೋಳದ ರೊಟ್ಟಿ ಬಡಿಯುತ್ತಿದ್ದ. ಇಬ್ಬರು ಹೆಣ್ಣುಮಕ್ಕಳ ಜಡೆ ಹೆಣೆದು, ಶಾಲೆಗೆ ಬಿಟ್ಟು ಬಂದೇ ಕೆಲಸಕ್ಕೆ ಕೂಡುತ್ತಿದ್ದ. ಅವ್ವ ತೀರಿಕೊಂಡಾಗ ಮಾತ್ರ ಬರಲಾಗಲಿಲ್ಲ. ಚಿಕ್ಕ ಮಗಳು ಆಸ್ಪತ್ರೆಯಲ್ಲಿದ್ದಳು. ಆಮೇಲೆ ನಾಲ್ಕು ವರ್ಷ ಅವನು ಅವ್ವನ ಹೆಸರೇ ಎತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬಳೇ ಹೋದೆ. ಬಿರಿದ ಕೆಸರಿನ ಮೇಲೆ ಕಪ್ಪೆಚಿಪ್ಪುಗಳು ಕಾಲಡಿ ಚಟಚಟ ಮುರಿಯುತ್ತಿದ್ದವು. ಕಾಗೆಯ ದನಿಯೂ ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಣ್ಣ ದಾರಿ ಹೇಳುತ್ತ ಹೋದ. ಬಾವಿ ಕಟ್ಟೆ ದಾಟಿ ಬಲಕ್ಕೆ ತಿರುಗಿದರೆ, ಮೊಣಕಾಲೆತ್ತರದ ಕೆಂಪು ಕಲ್ಲಿನ ಗೋಡೆ ಮತ್ತು ಒಂದು ಹೊಸ್ತಿಲು. ಇದೇ ಎಂದ. ಅದಕ್ಕೆ ಬೆನ್ನು ಮಾಡಿ, ಮನೆಯ ಜೊತೆ ನಾನೂ ಕಾಣುವಂತೆ ಫೋನ್ ಎತ್ತಿ ಹಿಡಿದೆ.

ಅವನು ಪರದೆಯ ಹತ್ತಿರ ಬಾಗಿದ. ಚಿತ್ರ ಮಸುಕಾಯಿತೇನೋ ಅಂದುಕೊಂಡೆ.

"ಸುಜಾತಾ, ನಿನ್ನ ಹಿಂದ ಹೊಸ್ತಿಲ ಮ್ಯಾಲ ಕುಂತಾಕಿ ಯಾರು?"

ತಿರುಗಿ ನೋಡಿದೆ. ಬಿಸಿಲು ಬಿಟ್ಟರೆ ಏನೂ ಇಲ್ಲ. ಫೋನಿನ ಮೂಲೆಯಲ್ಲಿ ಕಾಣುವ ನನ್ನ ಚಿತ್ರದಲ್ಲೂ ಹಿಂದೆ ಬರೀ ಕಲ್ಲು. ಯಾರೂ ಇಲ್ಲ ಎಂದೆ.

"ಅದಾಳ. ತಲಿ ಮ್ಯಾಲ ಸೆರಗ ಹಾಕ್ಕೊಂಡಾಳ. ನನ್ನ ಕಡಿನೇ ನೋಡ್ಲಕತ್ತಾಳ." ಅವನ ದನಿ ಸ್ವಲ್ಪವೂ ನಡುಗಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಆಕಿಗಿ ಹೇಳು, ನಾ ಬರ್ತೇನಿ ಅಂತ."

ಫೋನ್ ಕಟ್ಟಾಯಿತು. ಆ ಖಾಲಿ ಹೊಸ್ತಿಲ ಕಡೆ ಮುಖ ಮಾಡಿ, ಅಣ್ಣ ಬರ್ತಾನಂತ ಎಂದು ಹೇಳಿದೆ. ಹೇಳದೆ ಅಲ್ಲಿಂದ ಕಾಲು ಕೀಳುವ ಧೈರ್ಯವಾಗಲಿಲ್ಲ.

ಹತ್ತನೆಯ ದಿನ ಅಣ್ಣ ಹೆಂಡತಿ, ಮಕ್ಕಳನ್ನು ಕರೆದುಕೊಂಡು ಬಂದೇಬಿಟ್ಟ. ಅಡುಗೆಮನೆ ಎಲ್ಲಿತ್ತು, ಎಮ್ಮೆ ಎಲ್ಲಿ ಕಟ್ಟುತ್ತಿದ್ದರು ಎಂದು ಮಕ್ಕಳಿಗೆ ತೋರಿಸಿದ. ಆಮೇಲೆ ಹೊಸ್ತಿಲ ಒಂದು ಬದಿಗೆ, ಯಾರಿಗೋ ಜಾಗ ಬಿಟ್ಟವನಂತೆ ಕುಳಿತು ಬಹಳ ಹೊತ್ತು ಅತ್ತ.

ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಪಕ್ಕಕ್ಕೆ ಕರೆದರು. "ಅವತ್ತು ನಾನೂ ಇವರ ಬಾಜೂಕ ಇದ್ದೆ. ನಿಮ್ಮ ಜೋಡಿ ಬಂದಿದ್ದ ಮುದುಕಿ ಯಾರ್ರಿ? ಸೆರಗಿನಾಗ ಮುಖ ಕಾಣಲಿಲ್ಲ."

ಪಕ್ಕದ ಊರಾಕೆ ಎಂದು ಸುಳ್ಳು ಹೇಳಿದೆ.

ಮಳೆ ಬಂತು, ಗೋಡೆಗಳು ಮತ್ತೆ ನೀರಡಿ ಸೇರಿದವು. ಮಳೆಗಾಲ ಮುಗಿದ ಮೇಲೆ ಒಂದು ಮುಂಜಾನೆ, ಮೆಲ್ಬರ್ನ್‌ನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಅಣ್ಣ ರಸ್ತೆ ಬದಿಯಲ್ಲೇ ಕುಸಿದ. ಮತ್ತೆ ಏಳಲಿಲ್ಲ. ವೈನಿಗೆ ನಾನು ಇಂದಿಗೂ ನಿಜ ಹೇಳಿಲ್ಲ.

ಬರ ಯಾರಿಗೂ ಬೇಡ. ಆದರೂ ಕಾರಂಜಾದ ನೀರು ಇಳಿಯುತ್ತಿದೆ ಎಂದು ಯಾರಾದರೂ ಅಂದರೆ ಕಿವಿ ನಿಮಿರುತ್ತದೆ. ಆ ಹೊಸ್ತಿಲ ಮೇಲೆ ಈಗ ಇಬ್ಬರಿರಬಹುದು. ಒಬ್ಬಳೇ ಹೋಗಿ ನೋಡುವ ಧೈರ್ಯ ನನಗಿಲ್ಲ. ಹೋಗದೆ ಇರಲಾರೆ ಎಂಬುದೂ ಗೊತ್ತು.