ರೈಟರಿಗೆ ಗೊತ್ತು

ನಮ್ಮ ಅಪ್ಪ ದೇವೀರಪ್ಪ ಮೂವತ್ತೆರಡು ವರ್ಷ ಒಂದೇ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೇರೆ ಕಡೆಯವರಿಗೆ ಇದನ್ನು ಹೇಳಿದರೆ ‘ಯಾವ ಯಾವ ಪುಸ್ತಕ ಬರೆದಿದ್ದಾರೆ?’ ಎಂದು ಕೇಳುತ್ತಾರೆ. ಅಪ್ಪ ಬರೆದದ್ದು ಹಾಜರಿ ಪುಸ್ತಕ. ಬೆಳಗೋಡು, ಸಕಲೇಶಪುರದ ತೋಟದವರ ಬಾಯಲ್ಲಿ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹೆಸರು ಕೂಗುವವರು, ಸಂಜೆ ಕಾಫಿ ಹಣ್ಣು ತೂಗಿಸುವವರು, ಸ್ಟೋರಿನ ಬೀಗದಕೈ ಇಟ್ಟುಕೊಂಡವರು. ಈ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು.

ಅಪ್ಪ ಮಗ್ಗೆ ಎಂಬ ಊರಿನ ಕಡೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ ಎಪ್ಪತ್ನಾಲ್ಕರಲ್ಲಿ ಈ ಎಸ್ಟೇಟಿಗೆ ಬಂದರಂತೆ. ಆಗಿನ ಹಿರಿಯ ಸಾಹುಕಾರರು ಅವರಿಂದ ಒಂದು ಹಾಳೆ ತುಂಬ ಹೆಸರು ಬರೆಸಿ, ಅಕ್ಷರ ನೋಡಿಯೇ ಕೆಲಸ ಕೊಟ್ಟರಂತೆ. ಬೆಳಿಗ್ಗೆ ಏಳೂವರೆಗೆ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮುಂದೆ ನಿಂತು ಹೆಸರು ಕೂಗುವುದು ಬಿಟ್ಟರೆ ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ದಿನದ ಮಾತೆಲ್ಲ ಹಾಜರಿಯಲ್ಲೇ ಖರ್ಚಾಯಿತೇನೋ ಎಂಬಂತೆ ಮನೆಯಲ್ಲಿ ಸುಮ್ಮನೆ ಊಟ ಮಾಡಿ ಏಳುತ್ತಿದ್ದರು. ಸ್ಟೋರಿನ ಬೀಗದಕೈ ಕಪ್ಪು ದಾರದಲ್ಲಿ ಸೊಂಟಕ್ಕೆ ಕಟ್ಟಿರುತ್ತಿತ್ತು. ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ.

ನಾನು ಅವರ ಒಬ್ಬಳೇ ಮಗಳು, ಸುಮನಾ. ನನ್ನದು ಹುಟ್ಟಿದಾಗಿನಿಂದ ಅನುಮಾನದ ಬುದ್ಧಿ. ಅಂಗಡಿಯವನು ಪೊಟ್ಟಣ ಕಟ್ಟುವಾಗ ಅವನ ಕೈಯನ್ನೇ ನೋಡುತ್ತಿದ್ದೆ. ಮನೆಗೆ ಬಂದ ನೆಂಟರು ‘ಬೇಡಮ್ಮ, ಊಟ ಆಯ್ತು’ ಎಂದರೆ ಎಲ್ಲಿ ಆಯಿತು, ಏನು ಊಟ ಎಂದು ಕೇಳುತ್ತಿದ್ದೆ. ‘ಇವ್ಳು ಪೊಲೀಸ್ನೋರ ಮನೇಲಿ ಹುಟ್ಬೇಕಿತ್ತು, ತಪ್ಪಿ ನಮ್ಮನೇಗೆ ಬಂದ್ಬುಟ್ಟವ್ಳೆ’ ಎಂದು ಅವ್ವ ಕಲ್ಯಾಣಮ್ಮ ಬೈಯುತ್ತಿದ್ದಳು. ಅಂಥವಳ ಕೈಗೆ ಪತ್ತೇದಾರಿ ಪುಸ್ತಕ ಸಿಕ್ಕಿತು.

ಅದು ‘ಗುಮ್ಮನಕಾನು’ ಎಂಬ ಮಕ್ಕಳ ಮಾಲೆ. ಗುಮ್ಮನಕಾನು ಎಂಬ ಕಾಫಿ ಎಸ್ಟೇಟಿನಲ್ಲಿ ನಾಲ್ಕು ಮಕ್ಕಳು ಸೇರಿ ಕಳ್ಳರನ್ನು ಹಿಡಿಯುವ ಕಥೆಗಳು. ಅಂಗೈಯಗಲದ ಪುಸ್ತಕ, ನಾಲ್ಕೈದು ತಿಂಗಳಿಗೊಂದು ಬರುತ್ತಿತ್ತು. ಬರೆದವರ ಹೆಸರಿನ ಜಾಗದಲ್ಲಿ ‘ಮಿಂಚುಹುಳ’ ಎಂದಷ್ಟೇ ಇತ್ತು. ಅದೂ ನನಗೆ ಅನುಮಾನವೇ, ಒಳ್ಳೆಯವರಾದರೆ ಹೆಸರು ಯಾಕೆ ಮುಚ್ಚಿಡಬೇಕು? ನಮ್ಮ ಸಾಹುಕಾರ ರಂಗಸ್ವಾಮಿಯವರ ಮಗಳು ನವ್ಯಶ್ರೀ ನನ್ನ ಕ್ಲಾಸಿನವಳು. ಅವಳಪ್ಪ ಸಕಲೇಶಪುರಕ್ಕೆ ಹೋದಾಗ ಪುಸ್ತಕ ತರುತ್ತಿದ್ದರು. ಮೊದಲು ಅವಳು, ಆಮೇಲೆ ನಾನು, ಆಮೇಲೆ ಇಬ್ಬರೂ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು ಜಗಳ.

ಜಗಳಕ್ಕೆ ಕಾರಣ ಬೇಕಾದಷ್ಟಿತ್ತು. ಮಿಂಚುಹುಳ ಒಂದು ಗಂಟು ಬಿಚ್ಚಿದರೆ ಎರಡು ಗಂಟು ಹಾಗೇ ಬಿಡುತ್ತಿದ್ದರು. ಮೂರನೇ ಪುಸ್ತಕದಲ್ಲಿ ಕರಿಬಣ್ಣದ್ದಾಗಿದ್ದ ಮಕ್ಕಳ ನಾಯಿ ಐದನೆಯದರಲ್ಲಿ ಕಂದು ಬಣ್ಣದ್ದಾಗಿತ್ತು. ಅವಳಿ ನಾಯಿಗಳಿವೆ ಎಂದು ನವ್ಯಶ್ರೀ ವಾದಿಸಿದಳು. ಯಾರೋ ನಾಯಿಯನ್ನು ಬದಲಾಯಿಸಿದ್ದಾರೆ, ಈಗಿರುವುದು ಕಳ್ಳರ ಕಡೆಯ ನಾಯಿ ಎಂದು ನಾನು ವಾದಿಸಿದೆ. ಬರೆದವರೇ ಮರೆತಿರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ದೊಡ್ಡ ಗಂಟು ಏಳನೇ ಪುಸ್ತಕದ್ದು. ಬೀಗ ಹಾಕಿದ ಸ್ಟೋರಿನೊಳಗಿಂದ ಅಜ್ಜನ ಕಾಲದ ಹಿತ್ತಾಳೆ ದುರ್ಬೀನು ಮಾಯವಾಗುತ್ತದೆ. ಬೀಗ ಮುರಿದಿಲ್ಲ, ಹೆಂಚು ತೆಗೆದಿಲ್ಲ. ಕೊನೆಯ ಪುಟದಲ್ಲಿ ಜ್ವರ ಬಂದು ಮಲಗಿದ ಮುದಿ ಕಾವಲುಗಾರ ಕಣ್ಣು ಮುಚ್ಚಿಕೊಂಡೇ ‘ದುರ್ಬೀನು ಎಲ್ಲಿದೆ ಅಂತ ರೈಟರಿಗೆ ಗೊತ್ತು’ ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು. ಎಂಟನೆಯದರಲ್ಲಿ ಬೇರೆಯೇ ಕಥೆ. ದುರ್ಬೀನಿನ ಸುದ್ದಿಯೇ ಇಲ್ಲ.

ಎಂಟನೇ ಪುಸ್ತಕದ ಕೊನೆಯ ಪುಟಗಳಲ್ಲಿ ಓದುಗರ ಕಾಗದಗಳು ಬಂದವು. ರೈಟರ್ ಎಂದರೆ ಲೇಖಕ, ಮಿಂಚುಹುಳರೇ ಕಥೆಯೊಳಗೆ ಬಂದು ಕದ್ದಿದ್ದಾರೆ ಎಂದು ಮೈಸೂರಿನ ಹುಡುಗ ಬರೆದಿದ್ದ. ಕಾವಲುಗಾರನ ಜ್ವರವೇ ನಾಟಕ ಎಂದು ದಾವಣಗೆರೆಯ ಹುಡುಗಿ. ಇನ್ನೊಬ್ಬ ಮಹಾಶಯ ದುರ್ಬೀನು ಇರಲೇ ಇಲ್ಲ ಎಂದು ಎರಡು ಪುಟ ಕೊರೆದಿದ್ದ. ಓದಿ ನನಗೆ ನಗು ತಡೆಯಲಾಗಲಿಲ್ಲ. ಪೇಟೆ ಮಕ್ಕಳಿಗೆ ಎಸ್ಟೇಟಿನಲ್ಲಿ ರೈಟರ್ ಇರುತ್ತಾರೆಂದೇ ಗೊತ್ತಿಲ್ಲ! ಎರಡನೇ ಪುಸ್ತಕದಲ್ಲಿ ‘ಗುಮಾಸ್ತ ಬಾಗಿಲು ತೆರೆದ’ ಎಂದು ಒಂದೇ ಸಾಲು ಬರುತ್ತದೆ. ಅವನೇ ರೈಟರ್, ಬೀಗದಕೈ ಅವನದು, ಕಳ್ಳನೂ ಅವನೇ. ಇಡೀ ರಾಜ್ಯದಲ್ಲಿ ಇದು ಗೊತ್ತಿರುವವಳು ನಾನೊಬ್ಬಳೇ ಎಂದು ಜಂಬ ಬಂತು.

ಮಾಲೆಯವರಿಗೆ ಕಾಗದ ಬರೆಯಲು ಕೂತೆ. ಬರೀ ವಾದ ಸಾಲದು, ಸಾಕ್ಷಿ ಬೇಕಲ್ಲ. ಸಾಕ್ಷಿಗಾಗಿ ಒಂದು ವಾರ ಅಪ್ಪನ ಹಿಂದೆ ಬಿದ್ದೆ. ಸಂಜೆ ತೂಕ ಮುಗಿದು ಆಳುಗಳೆಲ್ಲ ಲೈನಿಗೆ ಹೋದ ಮೇಲೆ ಅಪ್ಪ ಸ್ಟೋರಿಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆಯುತ್ತಿದ್ದರು. ಆಮೇಲೆ ನಿಂತು, ಅತ್ತಿತ್ತ ನೋಡಿ, ವಾಪಸ್ಸು ಹೋಗಿ ಬೀಗ ತೆಗೆದು ಒಬ್ಬರೇ ಒಳಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಹೊರಗೆ ಬಂದು ಮತ್ತೆ ಬೀಗ. ಕಣದ ಕಟ್ಟೆಯ ಹಿಂದೆ ಕೂತು ವಾರದುದ್ದಕ್ಕೂ ಇದನ್ನೇ ನೋಡಿದೆ. ಯಾಕೆ ಹೋಗುತ್ತಾರೆ? ಕೇಳಲಿಲ್ಲ. ಪತ್ತೇದಾರರು ಕೇಳುವುದಿಲ್ಲ, ಬರೆದುಕೊಳ್ಳುತ್ತಾರೆ.

ತೊಂಬತ್ತೆಂಟರ ಮಾರ್ಚಿನಲ್ಲಿ ಒಂಬತ್ತನೇ ಪುಸ್ತಕ ಬಂತು. ಕೊನೆಯ ಪುಟದಲ್ಲಿ ನನ್ನ ಕಾಗದ, ಕೆಳಗೆ ‘ಸುಮನಾ ದೇವೀರಪ್ಪ, ಬೆಳಗೋಡು’. ಒಂದಕ್ಷರ ಬಿಡದೆ ಹಾಕಿದ್ದರು: ‘ರೈಟರೇ ಕಳ್ಳ. ನಮ್ಮ ತಂದೆಯೂ ರೈಟರ್, ಆದ್ದರಿಂದ ನನಗೆ ಗೊತ್ತು. ಅವರೂ ದಿನಾ ಬೀಗ ಹಾಕಿದ ಮೇಲೆ ಯಾರೂ ಇಲ್ಲದಾಗ ಒಬ್ಬರೇ ಸ್ಟೋರಿನೊಳಗೆ ಹೋಗಿ ಬರುತ್ತಾರೆ. ಏನು ಮಾಡುತ್ತಾರೆಂದು ರೈಟರಿಗೆ ಮಾತ್ರ ಗೊತ್ತು.’

ಶಾಲೆಯಲ್ಲಿ ನಾನು ಒಂದು ವಾರ ಮೆರೆದೆ. ನವ್ಯಶ್ರೀ ಅದನ್ನು ಬಂಗಲೆಯಲ್ಲಿ ತಿಂಡಿಯ ಹೊತ್ತಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದಳಂತೆ. ಎಲ್ಲರೂ ನಕ್ಕರಂತೆ. ಹಣ್ಣು ಬಿಡಿಸುವ ಈರಮ್ಮ ಅಪ್ಪನನ್ನು ‘ಏನ್ ರೈಟ್ರೇ, ದುರ್ಬೀನು ಎಲ್ಲಿ ಮಡಗಿದೀರಾ?’ ಎಂದು ಕೆಣಕಿದಳು. ಅಪ್ಪ ತಲೆಬುಡ ತಿಳಿಯದೆ ನಕ್ಕರು.

ಏಪ್ರಿಲಿನಲ್ಲಿ ಸ್ಟೋರಿನಿಂದ ಕರಿಮೆಣಸಿನ ಎರಡು ಮೂಟೆ ಕಾಣೆಯಾದವು. ಬೀಗ ಮುರಿದಿರಲಿಲ್ಲ, ಹೆಂಚು ತೆಗೆದಿರಲಿಲ್ಲ.

ಸಾಹುಕಾರರು ಅಪ್ಪನನ್ನು ಬಂಗಲೆಗೆ ಕರೆಸಿದರು. ನಾನು ನವ್ಯಶ್ರೀಯ ಜೊತೆ ಒಳಗಿನ ಕೋಣೆಯಲ್ಲಿದ್ದೆ, ಬಾಗಿಲ ಸಂದಿಯಿಂದ ಎಲ್ಲವೂ ಕಾಣಿಸಿತು, ಕೇಳಿಸಿತು.

‘ರೈಟ್ರೇ, ಬೀಗ ಹಾಕಿದ್ಮೇಲೆ ನೀವೊಬ್ರೇ ಇನ್ನೊಂದ್ಸಲ ಒಳಕ್ಕೆ ಹೋಗ್ತೀರಂತಲ್ಲ. ಹೌದಾ?’

‘ಹೌದು ಸಾವ್ಕಾರ್ರೇ.’

‘ಯಾಕೆ?’

ಅಪ್ಪ ‘ಹಂಗೇ ಒಂದು ಅಭ್ಯಾಸ ಸಾವ್ಕಾರ್ರೇ’ ಎಂದರು.

‘ನಿಮ್ಮ ಮೇಲೆ ಅಂತ ಅಲ್ಲ ರೈಟ್ರೇ. ನಿಮ್ಮ ಮಗಳೇ ಬರ್ದವ್ಳೆ, ಪುಸ್ತಕದಾಗೆ ಐತೆ. ನಾಕು ಜನ ಮಾತಾಡ್ತಾರೆ. ಸ್ವಲ್ಪ ದಿನ ಬೀಗದಕೈ ನನ್ ಹತ್ರ ಇರ್ಲಿ.’

ಸೊಂಟದ ದಾರದ ಗಂಟು ಬಿಚ್ಚಲು ಅಪ್ಪನಿಗೆ ಬರಲಿಲ್ಲ. ಇಪ್ಪತ್ನಾಲ್ಕು ವರ್ಷದ ಗಂಟು. ಕೊನೆಗೆ ಸಾಹುಕಾರರೇ ಕತ್ತರಿ ತರಿಸಿದರು. ನವ್ಯಶ್ರೀ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ನಾಚಿಕೆಯ ಜೊತೆಗೆ ಇನ್ನೊಂದೂ ಇತ್ತು. ಅಭ್ಯಾಸ ಅಂದರೇನು? ನಿಜವಾದ ಕಾರಣ ಯಾಕೆ ಹೇಳಲಿಲ್ಲ? ನನ್ನ ಅಪ್ಪ ಕಳ್ಳನಾಗಿದ್ದರೆ?

ಹೀಗೆ ಎರಡು ತಿಂಗಳು. ಅಪ್ಪ ಕೊಟ್ಟ ಮಿಠಾಯಿ ಯಾವ ಅಂಗಡಿಯದು ಎಂದು ಯೋಚಿಸಿದೆ. ಅವರು ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ತಡಕಿದೆ. ಒಂದು ಪೆನ್ನು, ಶೀತದ ಮಾತ್ರೆ ಸಿಕ್ಕವು. ಬೀಗ ಹಾಕುವ ಕೆಲಸ ಈಗ ಸಾಹುಕಾರರದಾಗಿತ್ತು. ಅವರು ಬೀಗ ಹಾಕಿ ಹೋದ ಮೇಲೂ ಅಪ್ಪ ಸ್ಟೋರಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಹಲಗೆಗೆ ಕಿವಿ ಹಚ್ಚುತ್ತಿದ್ದರು. ಅದನ್ನು ನೋಡಿ ನನ್ನ ಅನುಮಾನ ಇನ್ನೂ ಬಲಿಯಿತು. ಅವ್ವ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಮಾತ್ರ ಮೊದಲಿನ ಹಾಗೇ ಇದ್ದರು. ಒಂಬತ್ತನೇ ಪುಸ್ತಕ ಕೇಳಿ ಇಸಿದುಕೊಂಡು ಕೊನೆಯ ಪುಟ ಓದಿದರು; ಇನ್ನೊಮ್ಮೆ ಓದಿ ನನ್ನ ಪಾಟೀಚೀಲದಲ್ಲಿ ಇಟ್ಟರು. 

ತಾಳಲಾಗದೆ ಮಿಂಚುಹುಳರಿಗೇ ಬರೆದೆ. ಕಳ್ಳ ಯಾರೆಂದು ಹೇಳಲೇಬೇಕು, ನಮ್ಮ ಮನೆಯಲ್ಲಿ ತೊಂದರೆಯಾಗಿದೆ ಎಂದು. ಪುಸ್ತಕದ ರೈಟರ್ ಕಳ್ಳನಲ್ಲದಿದ್ದರೆ ನಮ್ಮ ಅಪ್ಪನೂ ಅಲ್ಲ ಎಂಬ ಹುಚ್ಚು ಲೆಕ್ಕ ನನ್ನದು. ಜೂನ್ ತಿಂಗಳ ಒಂದು ಬೆಳಿಗ್ಗೆ, ಹಿಂದಿನ ದಿನ ಬೆಳಗೋಡಿನ ಅಂಚೆಗೆ ಬಂದಿದ್ದ ಒಂದು ಕಾರ್ಡನ್ನು ಆಳೊಬ್ಬ ತಂದುಕೊಟ್ಟ.

‘ಚಿರಂಜೀವಿ ಸುಮನಾಳಿಗೆ ಆಶೀರ್ವಾದಗಳು. ನಾನು ಬರೆದ ರೈಟರ್ ಪೊಲೀಸ್ ಸ್ಟೇಷನ್ನಿನ ರೈಟರ್. ಠಾಣೆಯಲ್ಲಿ ಬರವಣಿಗೆ ಕೆಲಸ ಮಾಡುವ ಪೇದೆ. ಬೀಗ ಹಾಕುವ ಮೊದಲೇ ಹೊರಗೆಲ್ಲೋ ಬಿದ್ದು ಯಾರಿಗೋ ಸಿಕ್ಕಿದ ದುರ್ಬೀನನ್ನು ಠಾಣೆಗೆ ತಂದು ಕೊಟ್ಟಿದ್ದಾರೆ, ಅವನು ಬರೆದುಕೊಂಡು ಕಪಾಟಿನಲ್ಲಿಟ್ಟಿದ್ದಾನೆ. ಅಷ್ಟೇ. ಹನ್ನೆರಡನೇ ಪುಸ್ತಕದಲ್ಲಿ ಹೇಳಬೇಕೆಂದಿದ್ದೆ, ಹನ್ನೊಂದಕ್ಕೇ ಮಾಲೆ ನಿಲ್ಲುತ್ತದಂತೆ. ನಾನು ಕಾಫಿ ಎಸ್ಟೇಟ್ ನೋಡಿದವಳಲ್ಲ ಮಗು. ಅಲ್ಲಿಯೂ ರೈಟರ್ ಇರುತ್ತಾರೆಂದು ನಿನ್ನ ಕಾಗದ ನೋಡಿಯೇ ತಿಳಿದದ್ದು.’

ಕಳ್ಳನೇ ಇರಲಿಲ್ಲ! ಕಾರ್ಡನ್ನು ಓಡಿಹೋಗಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

‘ಪಾಪ, ಪುಸ್ತಕದಲ್ಲಿರೋನು ಬಚಾವಾದ’ ಎಂದು ಕಾರ್ಡು ವಾಪಸ್ಸು ಕೊಟ್ಟು ಹಾಜರಿಗೆ ಹೊರಟರು.

ಒಲೆಯ ಮುಂದಿದ್ದ ಅವ್ವ ಸೌಟು ಇಟ್ಟು ಎದ್ದು ಬಂದಳು. ‘ನೀನು ಊರಿಗೆಲ್ಲ ಕಾಗದ ಬರೀತೀಯ, ನಿಮ್ಮಪ್ಪನ್ನ ಒಂದ್ಸಲ ಕೇಳಿದ್ಯೇನೆ?’

‘ಏನಂತ ಕೇಳ್ಲಿ?’

‘ಬೀಗ ತೆಗ್ದು ಒಳಕ್ಕೆ ಯಾಕೆ ಹೋಗ್ತೀಯಪ್ಪ ಅಂತ! ನಿನ್ನಿಂದ್ಲೇ ಕಣೆ ಅದು. ನಿಂಗೆ ಮೂರು ವರ್ಷ. ತೂಕದ ಹೊತ್ನಲ್ಲಿ ಅಪ್ಪನ ಹಿಂದೆ ಸ್ಟೋರಿಗೆ ಹೋಗಿ ಮೂಟೆ ಸಂದೀಲಿ ನಿದ್ದೆ ಹೋಗ್ಬುಟ್ಟಿದ್ದೆ. ನನ್ ಹತ್ರ ಇದೀಯ ಅಂತ ಅವ್ರು, ಅವ್ರ ಹತ್ರ ಇದೀಯ ಅಂತ ನಾನು. ಬೀಗ ಹಾಕಿ ಬಂದ್ಬುಟ್ರು. ಎಲ್ಲಾ ಕಡೆ ಹುಡುಕಿ ಹುಡುಕಿ ಕೊನೇಗೆ ಸ್ಟೋರು ತೆಗೆದ್ರೆ, ಅತ್ತು ಅತ್ತು ದನೀನೇ ಇರ್ಲಿಲ್ಲ ನಿಂಗೆ. ಬಾಗ್ಲು ಕೆರ್ದು ಉಗುರಲ್ಲಿ ರಕ್ತ. ಅವತ್ತಿಂದ ಹಾಕಿದ ಬೀಗನ ಇನ್ನೊಂದ್ಸಲ ತೆಗ್ದು ಒಳಗೆಲ್ಲ ನೋಡ್ದೆ ಮನೇಗೆ ಬರಲ್ಲ ಅವ್ರು. ಯಾರ್ಗೂ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕ್ಸಿದ್ರು. ಇವತ್ತು ಮುರಿದ್ಬುಟ್ಟೆ.’

ನನಗೆ ಆ ಸಂಜೆಯ ನೆನಪು ಒಂದಿಷ್ಟೂ ಇಲ್ಲ. ಅಪ್ಪ ನನ್ನ ಪಾಲಿನದನ್ನೂ ನೆನಪಿಟ್ಟುಕೊಂಡಿದ್ದರು. ಶಾಲೆಯಲ್ಲಿ ಅವತ್ತಿಡೀ ಯಾರ ಮುಖವನ್ನೂ ನೋಡಲು ಮನಸ್ಸಾಗಲಿಲ್ಲ.

ಮೆಣಸಿನ ಮೂಟೆಗಳು ಸಿಗಲೇ ಇಲ್ಲ. ನನಗೆ ಒಬ್ಬರ ಮೇಲೆ ಈಗಲೂ ಅನುಮಾನವಿದೆ. ಹೆಸರು ಬರೆಯುವುದಿಲ್ಲ, ಒಂದು ಸಲ ಬರೆದು ಸಾಕಾಗಿದೆ. ಮುಂದಿನ ಕೊಯ್ಲಿಗೆ ಕೆಲಸ ಹೆಚ್ಚಾಗಿ ಸಾಹುಕಾರರು ಬೀಗದಕೈಯನ್ನು ಏನೂ ಹೇಳದೆ ಅಪ್ಪನ ಮೇಜಿನ ಮೇಲಿಟ್ಟು ಹೋದರು. ಅಪ್ಪನೂ ಏನೂ ಹೇಳದೆ ಹೊಸ ದಾರ ಹಾಕಿ ಕಟ್ಟಿಕೊಂಡರು. ಎರಡು ಸಾವಿರದ ಆರರಲ್ಲಿ ಕೆಲಸ ಬಿಡುವವರೆಗೆ ಅದು ಅವರ ಸೊಂಟದಲ್ಲೇ ಇತ್ತು. ಆದರೆ ನಾನು ಹೇಳಬೇಕಾದದ್ದು ಕಾರ್ಡು ಬಂದ ದಿನದ ಸಂಜೆಯದು.

ಶಾಲೆಯಿಂದ ನೇರ ಸ್ಟೋರಿಗೆ ಹೋದೆ. ಸಾಹುಕಾರರು ಬೀಗ ಹಾಕಿ ಆಗಲೇ ಜೀಪಿನಲ್ಲಿ ಹೋಗಿದ್ದರು. ಅಪ್ಪ ನನಗೆ ಬೆನ್ನು ಮಾಡಿ, ಕೊಡೆ ಕಂಕುಳಲ್ಲಿಟ್ಟುಕೊಂಡು, ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರು. ಈ ಸಲ ಕಟ್ಟೆಯ ಹಿಂದೆ ಕೂರದೆ ಹತ್ತಿರ ಹೋದೆ. ಆಗ ಕೇಳಿಸಿತು. ಹಲಗೆಯ ಸಂದಿಗೆ ಬಾಯಿಟ್ಟು, ಬೆಳಿಗ್ಗೆ ಹಾಜರಿ ಕೂಗುವ ದನಿಯಲ್ಲ, ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ಕರೆಯುತ್ತಿದ್ದರು: ‘ಸುಮೀ, ಒಳಗಿದೀಯೇನವ್ವಾ?’

‘ಅಪ್ಪಾ, ನಾನು ಹೊರಗಿದೀನಿ’ ಎಂದೆ.

ಅವರು ಬೆಚ್ಚಿ ತಿರುಗಿದರು. ನನ್ನ ಮುಖ ನೋಡಿ ಅವ್ವ ಹೇಳಿಬಿಟ್ಟಿದ್ದಾಳೆಂದು ಅವರಿಗೆ ತಿಳಿಯಿತು. ಅಳುತ್ತಲೇ ಕೇಳಿದೆ, ‘ಸಾವ್ಕಾರ್ರು ಕೇಳ್ದಾಗ ಇದನ್ನೇ ಹೇಳ್ಬೋದಿತ್ತಲ್ಲಪ್ಪ. ಕಳ್ಳ ಅಂದ್ಕಂಡ್ರು ಅವ್ರು. ನಾನೂ ಅಂದ್ಕಂಡೆ.’

ಅಪ್ಪ ನನ್ನ ಕೈ ಹಿಡಿದುಕೊಂಡು ಉಗುರುಗಳನ್ನು ಒಂದೊಂದಾಗಿ ಸವರಿದರು.

‘ಕಳ್ಳ ಅನ್ನೋದು ಸುಳ್ಳು ಕಣವ್ವ. ಸುಳ್ಳಾದ್ರೆ ತಡ್ಕಂಡಿರ್ಬೋದು’ ಎಂದರು. ‘ಇದು ನಿಜ ಅಲ್ವಾ.’