ಕೊರಳ ನಾಳ ಒತ್ತುತ್ತಿದ್ದ ಡಾಕ್ಟರು

ಎಪ್ಪತ್ತರ ದಶಕದ ಆ ಎಕ್ಸ್‌ರೇ ಡಾಕ್ಟರು ರೋಗಿಯ ಕೊರಳು ಮುಟ್ಟುವ ಮುನ್ನ ಹೆಬ್ಬೆರಳನ್ನು ಕೋಟಿಗೆ ಒರೆಸಿಕೊಳ್ಳುತ್ತಿದ್ದರು. ಒಂದು ಪಕ್ಕದ ರಕ್ತನಾಳ ಒತ್ತಿ ಹಿಡಿದು ಇನ್ನೊಂದಕ್ಕೆ ಔಷಧ ಬಿಟ್ಟರೆ, ಮಿದುಳಿನೊಳಗೆ ರಕ್ತ ಆಚೆಯಿಂದ ಈಚೆಗೆ ದಾಟುತ್ತದೆಯೇ ಎಂಬುದು ಎಕ್ಸ್‌ರೇ ಚಿತ್ರದಲ್ಲಿ ಕಾಣುತ್ತಿತ್ತು. ಒತ್ತಿದಷ್ಟು ಹೊತ್ತು ರೋಗಿ ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಮಿದುಳಿಗೆ ರಕ್ತ ಸಾಲುತ್ತಿಲ್ಲವೆಂದರ್ಥ, ಅಪಾಯ. ಅದಕ್ಕೇ ಅವರವರ ಕಸುಬಿನ ಮಾತು ತೆಗೆದು “ಮುಂದ?” ಎನ್ನುತ್ತಲೇ ಇರುತ್ತಿದ್ದರು.

ಆ ದಿನ ಅವರ ಹೆಬ್ಬೆರಳ ಕೆಳಗೆ ಮಲಗಿದ್ದ ನನ್ನ ಅಪ್ಪ ಬಸ್ ಕಂಡಕ್ಟರ್.

“ಸಿಂದಗಿ ಬಿಟ್ವಿ. ಮುಂದ ಯಾವ ಊರ್ರಿ?”

“ಮೋರಟಗಿ.”

“ಮುಂದ?”

ಅಪ್ಪ ಸುಮ್ಮನಾದರು. ಬಾಗಿಲಲ್ಲಿದ್ದ ನಾನು ಒಂದು ಹೆಜ್ಜೆ ಒಳಗಿಟ್ಟೆ. ಡಾಕ್ಟರು ಕೆಂಡ ಮುಟ್ಟಿದವರಂತೆ ಹೆಬ್ಬೆರಳು ತೆಗೆದರು. ಚಿತ್ರ ಕೆಟ್ಟಿತು.

“ತಡೀರಿ ಸಾಹೇಬ್ರ, ಮಂದಿ ಇಳ್ಯಾಕತ್ತಾರ,” ಎಂದರು ಅಪ್ಪ.

ಡಾಕ್ಟರು ಹೆಬ್ಬೆರಳನ್ನು ಮತ್ತೆ ಒರೆಸಿಕೊಂಡರು.

“ಈ ಸಲ ಎಕ್ಸ್‌ಪ್ರೆಸ್ ಗಾಡಿ ಐತ್ರಿ. ಎಲ್ಲೂ ನಿಂದ್ರಂಗಿಲ್ಲ.”